ಸೂಜಿ ಚುಚ್ಚಿದರೆ ಪ್ಯಾಂಕ್ರಿಯಾಸ್ ಗಡ್ಡೆ ಕೆರಳಿ ಹರಡುತ್ತದೆಯೇ?

‘ಗಡ್ಡೆಗೆ ಸೂಜಿ ಹಾಕಿಸಬೇಡಿ, ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ. ಎಲ್ಲರಿಗೂ ಶೇರ್ ಮಾಡಿ.’ ಈ ವಾಟ್ಸಾಪ್ ಸಂದೇಶವನ್ನು ನಮಗೆ ಕಳಿಸಿ ನಿಜವೇ ಎಂದು ಕೇಳಿದವರು ಬಂಗಾರಪೇಟೆಯ ಓದುಗರೊಬ್ಬರು. ಕೆಜಿಎಫ್‌ನಲ್ಲಿರುವ ಅವರ ಮಾವನವರಿಗೆ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ಗಡ್ಡೆಯಿರುವುದು ಸ್ಕ್ಯಾನ್‌ನಲ್ಲಿ ಕಂಡಿದೆ. ಬೆಂಗಳೂರಿನಲ್ಲಿ ಬಯಾಪ್ಸಿಗೆ ದಿನವೂ ನಿಗದಿಯಾಗಿದೆ. ಫ್ಯಾಮಿಲಿ ಗ್ರೂಪಿಗೆ ಈ ಸಂದೇಶ ಬಂದ ಮೇಲೆ ಮನೆಯಲ್ಲಿ ‘ಬೇಡ’ ಎನ್ನುವವರೇ ಹೆಚ್ಚಾಗಿದ್ದಾರೆ.

ಈ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ. ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ ಮಾಡಿದರೆ ಕರುಳಿನ ಗಾಳಿ ಅಡ್ಡ ಬಂದು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪ್ ಕೊಳವೆಯನ್ನು ಬಾಯಿಯ ಮೂಲಕ ಜಠರಕ್ಕೆ ಇಳಿಸುತ್ತಾರೆ. ಪರದೆಯಲ್ಲಿ ಗಡ್ಡೆಯನ್ನೂ ರಕ್ತನಾಳಗಳನ್ನೂ ನೋಡುತ್ತಲೇ ಜಠರ ಅಥವಾ ಸಣ್ಣಕರುಳಿನ ಗೋಡೆಯ ಮೂಲಕ ಸೂಜಿ ಹಾಯಿಸಿ ಚೂರು ತೆಗೆಯುತ್ತಾರೆ. ಸಾಮಾನ್ಯವಾಗಿ ಬಳಸುವ 22 ಗೇಜ್ ಸೂಜಿಯ ದಪ್ಪ ಸುಮಾರು 0.7 ಮಿಲಿಮೀಟರ್. ಡೆನ್ಮಾರ್ಕ್‌ನ ವೈದ್ಯರು 1992ರಲ್ಲೇ ಈ ವಿಧಾನವನ್ನು ವರದಿ ಮಾಡಿದ್ದರು. ಗಣಿ ಕೆಲಸ ಬಲ್ಲ ಕೆಜಿಎಫ್ ಮನೆಗಳಿಗೆ ಇದು ಬೇಗ ಅರ್ಥವಾದೀತು: ಬಂಡೆಯೊಳಗೆ ಅದಿರು ಇದೆಯೇ ಎಂದು ತಿಳಿಯಲು ಡ್ರಿಲ್ ಹಾಕಿ ಕಲ್ಲಿನ ‘ಕೋರ್’ ತೆಗೆದು ನೋಡುತ್ತಾರಲ್ಲ, ಹಾಗೆ. ಬಯಾಪ್ಸಿ ರಿಪೋರ್ಟ್‌ನಲ್ಲೂ ಅದೇ ಪದ ಕಾಣಸಿಗುತ್ತದೆ.

ಹರಡುವ ಮಾತಿಗೆ ಬರೋಣ. ಅಮೆರಿಕದ ಮೇಯೋ ಕ್ಲಿನಿಕ್ ಸಂಶೋಧಕರು ಈ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ 2,034 ರೋಗಿಗಳ ದಾಖಲೆ ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 498 ಮಂದಿಗೆ ಮೊದಲೇ ಇದೇ ಸೂಜಿ ಪರೀಕ್ಷೆ ಆಗಿತ್ತು. ಅವರು ಉಳಿದವರಿಗಿಂತ ಕಡಿಮೆ ಕಾಲವೇನೂ ಬದುಕಲಿಲ್ಲ.

ಹಾಗಂತ ಸಂದೇಶ ಪೂರ್ತಿ ಹುಟ್ಟುಸುಳ್ಳೂ ಅಲ್ಲ. ಸೂಜಿ ಹೋದ ದಾರಿಯಲ್ಲಿ, ಜಠರದ ಗೋಡೆಯಲ್ಲಿ, ಕ್ಯಾನ್ಸರ್ ಬೆಳೆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಆದರೆ ಅವು ಅಪರೂಪ. ಗಡ್ಡೆ ಗ್ರಂಥಿಯ ತಲೆಭಾಗದಲ್ಲಿದ್ದರೆ, ಸೂಜಿ ಹಾಯ್ದ ಕರುಳಿನ ಭಾಗವನ್ನು ಆಪರೇಷನ್ನಿನಲ್ಲಿ ಹೇಗೂ ತೆಗೆದುಬಿಡುತ್ತಾರೆ. ಸ್ಕ್ಯಾನ್ ಸ್ಪಷ್ಟವಾಗಿದ್ದು ತಕ್ಷಣ ಆಪರೇಷನ್ ಮಾಡಬಹುದು ಎಂದಾದರೆ ವೈದ್ಯರು ಕೆಲವೊಮ್ಮೆ ಬಯಾಪ್ಸಿಯನ್ನೇ ಬಿಡುವುದೂ ಉಂಟು. ‘ನಮ್ಮವರಿಗೆ ಇದು ಬೇಕೇ?’ ಎಂದು ಅವರನ್ನೇ ಕೇಳಬಹುದು, ಅದರಲ್ಲಿ ತಪ್ಪಿಲ್ಲ.

ಮತ್ತೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಈ ಕ್ಯಾನ್ಸರ್ ಬಹುತೇಕ ತಡವಾಗಿ ಪತ್ತೆಯಾಗುತ್ತದೆ. ಬಯಾಪ್ಸಿ ಆಗುತ್ತದೆ, ಕೆಲವೇ ತಿಂಗಳಲ್ಲಿ ರೋಗಿ ಕುಗ್ಗುತ್ತಾರೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು, ದೂರು ಸೂಜಿಯ ಮೇಲೆ.

ಪರೀಕ್ಷೆ ಬಿಟ್ಟರೆ ಆಗುವ ನಷ್ಟದ ಬಗ್ಗೆ ಸಂದೇಶ ಏನೂ ಹೇಳುವುದಿಲ್ಲ. ಸಾಮಾನ್ಯವಾಗಿ ಚೂರಿನ ಪುರಾವೆ ಇಲ್ಲದೆ ಕೀಮೋಥೆರಪಿ ಶುರುಮಾಡುವುದಿಲ್ಲ. ಗ್ರಂಥಿಯ ಕ್ಷಯ, ಅಂದರೆ ಟಿಬಿ, ಕೂಡ ಸ್ಕ್ಯಾನ್‌ನಲ್ಲಿ ಥೇಟ್ ಕ್ಯಾನ್ಸರಿನಂತೆ ಕಾಣಬಹುದು. ಅದು ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ. ಸ್ಟಿರಾಯ್ಡ್‌ಗೆ ಕರಗುವ ಒಂದು ಬಗೆಯ ಊತವೂ ಹೀಗೆಯೇ ಮೋಸ ಮಾಡುತ್ತದೆ.

ಓದುಗರಿಗೆ ನಾವು ಬರೆದದ್ದು ಇಷ್ಟು: ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಲಿ. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ಮಾವನವರು ಒಬ್ಬರೇ ಮಾರಿಕುಪ್ಪಂ ರೈಲು ಹತ್ತಿ ವಾಪಸ್ ಬರುವುದು ಬೇಡ, ಜೊತೆಗೆ ಒಬ್ಬರಿರಲಿ. ಆಮೇಲೆ ಜೋರು ಹೊಟ್ಟೆನೋವು, ಜ್ವರ, ರಕ್ತವಾಂತಿ ಅಥವಾ ಕಪ್ಪು ಮಲ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.