ಹಳೆಯ ಸ್ಪೋರ್ಟ್ಸ್ ಕಾರುಗಳ ಪುನರುಜ್ಜೀವನ

ಹಳೆಯ ಸ್ಪೋರ್ಟ್ಸ್ ಕಾರುಗಳ ಪುನರುಜ್ಜೀವನ ಎಂದರೆ ದೀರ್ಘಕಾಲ ಬಳಕೆಯಿಲ್ಲದೆ ನಿಂತು ಹಾಳಾಗಿರುವ ಸ್ಪೋರ್ಟ್ಸ್ ಕಾರನ್ನು ಸುರಕ್ಷಿತವಾಗಿ ಓಡುವ ಮತ್ತು ಕಾನೂನಿಗೆ ಒಪ್ಪುವ ಸ್ಥಿತಿಗೆ ಮರಳಿ ತರುವ ಕೆಲಸ. ಇಂತಹ ಕಾರುಗಳು ಸಾಮಾನ್ಯವಾಗಿ ಕಡಿಮೆ ಬೆಲೆಗೆ ದೊರೆಯುತ್ತವೆ. ಆದರೆ ಕೊಳ್ಳುವ ಬೆಲೆಯು ಒಟ್ಟು ವೆಚ್ಚದ ಒಂದು ಸಣ್ಣ ಭಾಗ ಮಾತ್ರ. ಕಾರು ಉಳಿಯುವುದೋ ಗುಜರಿಗೆ ಸೇರುವುದೋ ಎಂಬುದನ್ನು ಅದರ ಚಾಸಿಯ ಸ್ಥಿತಿ, ಬಿಡಿಭಾಗಗಳ ಲಭ್ಯತೆ ಮತ್ತು ನೋಂದಣಿ ದಾಖಲೆಗಳು ನಿರ್ಧರಿಸುತ್ತವೆ.

ಭಾರತದಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿ 15 ವರ್ಷ. ವಿಂಟೇಜ್ ವಾಹನವೆಂಬ ಮಾನ್ಯತೆ ದೊರೆಯುವುದು 50 ವರ್ಷ ಕಳೆದ ಮೇಲೆ. ಈ ಎರಡರ ನಡುವಿನ 35 ವರ್ಷಗಳಲ್ಲಿ ಕಾರು ಹೊಸದೂ ಅಲ್ಲ, ಪಾರಂಪರಿಕ ವಸ್ತುವೂ ಅಲ್ಲ. ಅದರ ಬೆಲೆ ಅತ್ಯಂತ ಕೆಳಗಿಳಿಯುವುದೂ ಅದು ನಿರ್ಲಕ್ಷ್ಯಕ್ಕೆ ಒಳಗಾಗುವುದೂ ಈ ಅವಧಿಯಲ್ಲಿಯೇ. ಆದ್ದರಿಂದ ಪುನರುಜ್ಜೀವನದ ಪ್ರಶ್ನೆ ಹೆಚ್ಚಾಗಿ ಈ ವಯಸ್ಸಿನ ಕಾರುಗಳಿಗೆ ಸಂಬಂಧಿಸಿದ್ದಾಗಿದೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಹಲವು ದಶಕಗಳ ಕಾಲ ಕಾರುಗಳ ಆಮದಿನ ಮೇಲೆ ಕಠಿಣ ನಿರ್ಬಂಧಗಳಿದ್ದುದರಿಂದ ಭಾರತಕ್ಕೆ ಬಂದ ವಿದೇಶಿ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಬಹಳ ಕಡಿಮೆ. ದೇಶದೊಳಗೆ ತಯಾರಾದವುಗಳಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಉಲ್ಲೇಖಾರ್ಹ. ಇದು ಕುಟುಂಬ ಬಳಕೆಯ ಕಾರಾಗಿದ್ದರೂ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಮಾದರಿಯನ್ನು ಆಧರಿಸಿತ್ತು. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರು ಕೂಡ ಹೆರಾಲ್ಡ್‌ನ ಯಾಂತ್ರಿಕ ಭಾಗಗಳ ಮೇಲೆಯೇ ರೂಪುಗೊಂಡಿತ್ತು.

ಕರ್ನಾಟಕದ ಮಟ್ಟಿಗೆ ಬೆಂಗಳೂರಿನ ಎರಡು ಕಾರುಗಳು ಮುಖ್ಯವಾಗುತ್ತವೆ. ಮೊದಲನೆಯದು 1980ರ ದಶಕದ ಸಿಪಾನಿ ಡಾಲ್ಫಿನ್. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಇದಕ್ಕೆ 848 ಸಿಸಿ ಎಂಜಿನ್ ಮತ್ತು ಫೈಬರ್ ಗ್ಲಾಸ್ ಹೊರಮೈ ಇದ್ದಿತು. ಸಾಧಾರಣ ಪ್ರಯಾಣಿಕ ಕಾರಾಗಿಯೇ ಮಾರಾಟವಾದರೂ, ಹಗುರವಾಗಿದ್ದ ಕಾರಣ ಆ ಕಾಲದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಎರಡನೆಯದು ಸ್ಯಾನ್ ಮೋಟಾರ್ಸ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್. ಫ್ರಾನ್ಸಿನಲ್ಲಿ ವಿನ್ಯಾಸಗೊಂಡ ಈ ಎರಡು ಆಸನಗಳ ತೆರೆದ ಕಾರಿಗೆ ರೆನೋ ಸಂಸ್ಥೆಯ 1,149 ಸಿಸಿ ಪೆಟ್ರೋಲ್ ಎಂಜಿನ್ ಅಳವಡಿಸಲಾಗಿತ್ತು. ಇದರ ಶಕ್ತಿ ಸುಮಾರು 60 ಅಶ್ವಶಕ್ತಿ. ಇದರ ಕಾರ್ಖಾನೆ ಗೋವಾದ ವೆರ್ಣಾದಲ್ಲಿತ್ತು. ಇದು ಅಲ್ಪ ಸಂಖ್ಯೆಯಲ್ಲಿ ಮಾತ್ರ ತಯಾರಾಯಿತು.

ಫೈಬರ್ ಗ್ಲಾಸ್ ಹೊರಮೈಯು ತುಕ್ಕು ಹಿಡಿಯುವುದಿಲ್ಲ. ಇದು ಅನುಕೂಲವೂ ಹೌದು, ಮೋಸವೂ ಹೌದು. ಹೊರಗೆ ನಯವಾಗಿ ಕಾಣುವ ಮೈಯ ಕೆಳಗೆ ಉಕ್ಕಿನ ಚಾಸಿಯು ಸದ್ದಿಲ್ಲದೆ ಕರಗುತ್ತಿರಬಹುದು.

ಕೊಳ್ಳುವ ಮೊದಲಿನ ಪರಿಶೀಲನೆ

ಪರಿಶೀಲನೆಯನ್ನು ಕೆಳಗಿನಿಂದ ಆರಂಭಿಸುವುದು ರೂಢಿ. ಕಾರನ್ನು ಜ್ಯಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಲಾಗುತ್ತದೆ. ಗಟ್ಟಿ ಉಕ್ಕು ಖಣಿಲೆಂದು ನುಡಿಯುತ್ತದೆ. ತುಕ್ಕು ತಿಂದ ಭಾಗದಿಂದ ಮಂದವಾದ ಸದ್ದು ಬರುತ್ತದೆ. ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಪೆಟ್ಟಿಗೆಯು ಚಾಸಿಗೆ ಸೇರುವ ಜಾಗಗಳು, ಬಾಗಿಲ ಕೆಳಗಿನ ಪಟ್ಟಿಗಳು, ಕಾಲಿಡುವ ತಳದ ತಗಡು ಮತ್ತು ಬ್ಯಾಟರಿಯ ತಟ್ಟೆ ಎಲ್ಲಕ್ಕಿಂತ ಮೊದಲು ಹಾಳಾಗುವ ಭಾಗಗಳು. ಬಾಗಿಲುಗಳು ಸರಿಯಾಗಿ ಮುಚ್ಚದಿದ್ದರೆ ಅಥವಾ ಎರಡು ಬದಿಯ ಸಂದುಗಳು ಅಸಮವಾಗಿದ್ದರೆ ಚಾಸಿ ಬಾಗಿರುವ ಸಾಧ್ಯತೆ ಇರುತ್ತದೆ.

ಎಂಜಿನ್ ತಿರುಗದಿರುವುದು ಚಾಸಿ ಕರಗಿರುವಷ್ಟು ಗಂಭೀರ ದೋಷವಲ್ಲ. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು ಅಥವಾ ಅದೇ ಮಾದರಿಯ ಇನ್ನೊಂದನ್ನು ಹುಡುಕಬಹುದು. ಕಾಣೆಯಾದ ಭಾಗಗಳ ವಿಷಯದಲ್ಲಿ ಹಾಗಲ್ಲ. ಸ್ಟಾರ್ಮ್‌ನಂತಹ ಕಾರಿನಲ್ಲಿ ಎಂಜಿನ್ನಿನ ಭಾಗಗಳು ರೆನೋ ಕ್ಲಿಯೋ ಮತ್ತು ಟ್ವಿಂಗೋ ಕಾರುಗಳಿಗೂ ಸಾಮಾನ್ಯವಾಗಿರುವುದರಿಂದ ವಿದೇಶದಿಂದಾದರೂ ತರಿಸಬಹುದು. ಆ ಮಾದರಿಗೇ ಮೀಸಲಾದ ಹೊರಮೈಯ ತುಂಡು, ಗಾಜು ಅಥವಾ ಮೇಲ್ಛಾವಣಿಯ ಚೌಕಟ್ಟು ಕಳೆದುಹೋಗಿದ್ದರೆ ಅದನ್ನು ಮಾಡಿಸಿಕೊಳ್ಳಬೇಕಾಗುತ್ತದೆ. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ತಯಾರಿಕೆ 1980ರಲ್ಲಿ ನಿಂತರೂ 1988ರಿಂದ ಅದರ ಹೊಸ ಹೊರಕವಚಗಳು ಮತ್ತೆ ಮಾರಾಟಕ್ಕೆ ಬಂದವು. ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ದೊರೆಯುವ ಈ ಸೌಲಭ್ಯ ಅಲ್ಪ ಸಂಖ್ಯೆಯ ಕಾರಿಗೆ ದೊರೆಯುವುದಿಲ್ಲ. ಆದ್ದರಿಂದ ಓಡುವ ಆದರೆ ಅಪೂರ್ಣವಾದ ಕಾರಿಗಿಂತ, ಓಡದ ಆದರೆ ಪೂರ್ಣವಾದ ಕಾರು ಉತ್ತಮ ಆಯ್ಕೆ.

ಕೆಲಸದ ಕ್ರಮ

ಮೊದಲು ಬಣ್ಣ ಹೊಡೆಸುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ಹೊಸ ಬಣ್ಣದ ಕೆಳಗೆ ಬೆಸುಗೆ ಹಾಕುವುದಾಗಲಿ ಎಂಜಿನ್ ಇಳಿಸುವುದಾಗಲಿ ನಡೆದರೆ ಬಣ್ಣಕ್ಕೆ ಮಾಡಿದ ಖರ್ಚು ವ್ಯರ್ಥವಾಗುತ್ತದೆ. ಸರಿಯಾದ ಕ್ರಮವು ಚಾಸಿ, ಬ್ರೇಕು, ಎಂಜಿನ್, ವಿದ್ಯುತ್ ತಂತಿಗಳು, ಹೊರಮೈ ಮತ್ತು ಕೊನೆಯಲ್ಲಿ ಒಳಾಲಂಕಾರ ಎಂದು ಸಾಗುತ್ತದೆ.

ಚಾಸಿ: ಸಡಿಲ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಅಥವಾ ಮರಳು ಸಿಡಿಸುವ ಯಂತ್ರದಿಂದ ತೆಗೆಯಲಾಗುತ್ತದೆ. ತೂತು ಬಿದ್ದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಅಷ್ಟೇ ದಪ್ಪದ ಉಕ್ಕನ್ನು ಬೆಸೆಯಬೇಕು. ತುಕ್ಕಿನ ಮೇಲೆಯೇ ತೇಪೆ ಹಾಕಿದರೆ ಒಳಗಿನ ಕೊಳೆತ ಮುಂದುವರಿಯುತ್ತದೆ. ಬಳಿಕ ಸತುವಿನ ಅಂಶವಿರುವ ಪ್ರೈಮರ್ ಬಳಿದು, ಟೊಳ್ಳು ಭಾಗಗಳ ಒಳಗೆ ಮೇಣದಂತಹ ರಕ್ಷಕ ದ್ರವವನ್ನು ಸಿಂಪಡಿಸಲಾಗುತ್ತದೆ.

ಬ್ರೇಕು ಮತ್ತು ಟೈರು: ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ನೀರಿನಿಂದಾಗಿ ಮಾಸ್ಟರ್ ಸಿಲಿಂಡರ್ ಮತ್ತು ಚಕ್ರಗಳ ಸಿಲಿಂಡರುಗಳ ಒಳಮೈ ತುಕ್ಕು ಹಿಡಿದಿರುತ್ತದೆ. ಆದ್ದರಿಂದ ರಬ್ಬರ್ ಕೊಳವೆಗಳು, ಸೀಲುಗಳು ಮತ್ತು ಆಯಿಲನ್ನು ಪೂರ್ತಿಯಾಗಿ ಬದಲಿಸುವುದು ಅಗತ್ಯ. ಟೈರುಗಳ ವಯಸ್ಸನ್ನು ಅವುಗಳ ಪಕ್ಕದಲ್ಲಿರುವ ನಾಲ್ಕು ಅಂಕಿಗಳಿಂದ ತಿಳಿಯಬಹುದು. ಉದಾಹರಣೆಗೆ 2308 ಎಂದಿದ್ದರೆ ಅದು 2008ನೇ ವರ್ಷದ 23ನೇ ವಾರದಲ್ಲಿ ತಯಾರಾದುದು. ಇಷ್ಟು ಹಳೆಯ ಟೈರಿನ ಹಲ್ಲುಗಳು ಸವೆಯದಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುವುದರಿಂದ ಅದು ವೇಗದ ಓಟಕ್ಕೆ ಯೋಗ್ಯವಲ್ಲ.

ಎಂಜಿನ್: ನಿಂತ ಎಂಜಿನ್ನನ್ನು ನೇರವಾಗಿ ಸ್ಟಾರ್ಟ್ ಮಾಡಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಹಾಕಿ, ಒಂದೆರಡು ದಿನ ಬಿಟ್ಟು, ಪಾನಾದಿಂದ ಕೈಯಲ್ಲೇ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಸಿಲಿಂಡರುಗಳ ಸಂಪೀಡನ ಒತ್ತಡವನ್ನು ಅಳೆಯಲಾಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಕಾರು ಎಷ್ಟು ಕಿಲೋಮೀಟರು ಓಡಿದೆ ಎಂಬುದನ್ನು ಲೆಕ್ಕಿಸದೆ ಬೆಲ್ಟನ್ನು ಮೊದಲೇ ಬದಲಿಸುವುದು ಕ್ಷೇಮ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು ಅಂಟಿನಂತಾಗಿರುವುದರಿಂದ ಅದನ್ನು ಹೊರಹಾಕಿ ಟ್ಯಾಂಕನ್ನು ತೊಳೆಯಬೇಕು. ಈಗ ಭಾರತದಲ್ಲಿ ವ್ಯಾಪಕವಾಗಿ ಮಾರಾಟವಾಗುವ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಹಳೆಯ ಕಾರುಗಳ ರಬ್ಬರ್ ಕೊಳವೆ ಮತ್ತು ಸೀಲುಗಳು ಇದಕ್ಕಾಗಿ ತಯಾರಾದವುಗಳಲ್ಲ. ಹೀಗಾಗಿ ಇಂಧನ ಕೊಳವೆಗಳನ್ನು ಎಥನಾಲ್ ತಡೆಯುವ ಗುಣಮಟ್ಟದವುಗಳಿಗೆ ಬದಲಿಸುವುದು ಬೆಂಕಿಯ ಅಪಾಯವನ್ನು ತಗ್ಗಿಸುತ್ತದೆ.

ವಿದ್ಯುತ್ ವ್ಯವಸ್ಥೆ: ಫೈಬರ್ ಹೊರಮೈಯು ವಿದ್ಯುತ್ತನ್ನು ಹರಿಸುವುದಿಲ್ಲ. ಆದ್ದರಿಂದ ಇಂತಹ ಕಾರುಗಳಲ್ಲಿ ಪ್ರತಿಯೊಂದು ದೀಪಕ್ಕೂ ಪ್ರತ್ಯೇಕ ಅರ್ಥಿಂಗ್ ತಂತಿ ಇರುತ್ತದೆ. ದೀಪ ಉರಿಯದಿರುವುದಕ್ಕೆ ಅನೇಕ ವೇಳೆ ಈ ತಂತಿಯ ತುದಿಯಲ್ಲಿ ಕಟ್ಟಿದ ಕಿಲುಬೇ ಕಾರಣ. ಇಲಿಗಳು ಕಡಿದ ತಂತಿಗಳನ್ನು ಟೇಪು ಸುತ್ತಿ ಬಿಡದೆ, ತುಂಡನ್ನೇ ಬದಲಿಸಬೇಕು.

ಹೊರಮೈ: ಫೈಬರ್ ಮೈಯ ಮೇಲಿನ ನಕ್ಷತ್ರಾಕಾರದ ಬಿರುಕುಗಳನ್ನು ಉಜ್ಜಿ ತೆಗೆದು, ರಾಳ ಮತ್ತು ಗಾಜಿನ ನಾರಿನ ಹಾಸಿನಿಂದ ತುಂಬಿ, ಒಣಗಿದ ಬಳಿಕ ಸಮತಟ್ಟು ಮಾಡಲಾಗುತ್ತದೆ. ಬಿರುಕಿನ ಮೇಲೆ ಕೇವಲ ಪುಟ್ಟಿ ಬಳಿದರೆ ಸ್ವಲ್ಪ ಕಾಲದಲ್ಲಿಯೇ ಅದೇ ಜಾಗದಲ್ಲಿ ಬಿರುಕು ಮತ್ತೆ ಕಾಣಿಸಿಕೊಳ್ಳುತ್ತದೆ.

ಬೆಳಗಾವಿ–ಖಾನಾಪುರ ಪ್ರದೇಶದಲ್ಲಿ

ಬೆಳಗಾವಿಯಿಂದ ಗೋವಾಕ್ಕೆ ಹೋಗುವ ರಸ್ತೆಯು ಖಾನಾಪುರ, ಗುಂಜಿ ಮತ್ತು ಲೋಂಡಾ ಭಾಗವನ್ನು ಹಾದು ಪಶ್ಚಿಮ ಘಟ್ಟವನ್ನು ಇಳಿಯುತ್ತದೆ. ಗುಂಜಿಯು ಖಾನಾಪುರ ತಾಲ್ಲೂಕಿನ ಗ್ರಾಮವಾಗಿದ್ದು, ಖಾನಾಪುರ ಮತ್ತು ಲೋಂಡಾಗಳ ನಡುವಿನ ರೈಲು ನಿಲ್ದಾಣವೂ ಹೌದು. ಘಟ್ಟದ ಅಂಚಿನಲ್ಲಿರುವ ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ ನಗರಕ್ಕಿಂತ ಹೆಚ್ಚು ಮಳೆ ಸುರಿಯುತ್ತದೆ. ಮಣ್ಣಿನ ನೆಲದ ಮೇಲೆ, ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ನಿಲ್ಲಿಸಿದ ಕಾರಿಗೆ ಈ ವಾತಾವರಣ ಮಾರಕ. ನೆಲದಿಂದ ಏಳುವ ತೇವ ತಾಡಪತ್ರಿಯ ಒಳಗೆ ಸಿಕ್ಕಿಕೊಂಡು ಚಾಸಿಯ ಮೇಲೆ ಹನಿಗಟ್ಟುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ, ಸಿಮೆಂಟಿನ ನೆಲ ಮತ್ತು ಎತ್ತರದ ಸ್ಟ್ಯಾಂಡುಗಳು ಇದಕ್ಕೆ ಪರಿಹಾರ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕಾರುಗಳಲ್ಲಿ ಉಪ್ಪುಗಾಳಿಯ ಪರಿಣಾಮವೂ ಸೇರಿರುವುದರಿಂದ ಚಾಸಿಯ ಪರೀಕ್ಷೆ ಮತ್ತಷ್ಟು ಮುಖ್ಯವಾಗುತ್ತದೆ.

ಮಳೆಗಾಲವು ಕೆಲಸದ ಕ್ರಮವನ್ನೂ ನಿರ್ಧರಿಸುತ್ತದೆ. ತೇವದ ಗಾಳಿಯಲ್ಲಿ ರಾಳವು ಸರಿಯಾಗಿ ಗಟ್ಟಿಯಾಗುವುದಿಲ್ಲ ಮತ್ತು ಬಣ್ಣದ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಆದ್ದರಿಂದ ಮಳೆಯ ತಿಂಗಳುಗಳಲ್ಲಿ ಸೂರಿನಡಿ ಎಂಜಿನ್, ಬ್ರೇಕು ಮತ್ತು ತಂತಿಗಳ ಕೆಲಸವನ್ನು ಮುಗಿಸಿ, ಫೈಬರ್ ಮತ್ತು ಬಣ್ಣದ ಕೆಲಸವನ್ನು ದಸರೆಯ ನಂತರದ ಒಣ ಹವೆಗೆ ಇಟ್ಟುಕೊಳ್ಳುವುದು ಅನುಕೂಲಕರ.

ಬಿಡಿಭಾಗಗಳ ವಿಷಯದಲ್ಲಿ ಬೆಳಗಾವಿಗೆ ಒಂದು ಅನುಕೂಲವಿದೆ. ನಗರದ ಉದ್ಯಮಬಾಗ ಮತ್ತು ಸಮೀಪದ ಮಚ್ಛೆ ಕೈಗಾರಿಕಾ ಪ್ರದೇಶಗಳು ಎರಕದ ಕಾರ್ಖಾನೆಗಳಿಗೆ ಮತ್ತು ಲೇತ್ ಕೆಲಸಕ್ಕೆ ಹೆಸರಾಗಿವೆ. ಇಲ್ಲಿನ ಘಟಕಗಳು ವಾಹನೋದ್ಯಮಕ್ಕೆ ಎರಕದ ಹಾಗೂ ಯಂತ್ರಗಳಲ್ಲಿ ಕಡೆದ ಭಾಗಗಳನ್ನು ಪೂರೈಸುತ್ತ ಬಂದಿವೆ. ಮಾರುಕಟ್ಟೆಯಲ್ಲಿ ಸಿಗದ ಬುಶ್, ಪಿನ್ನು ಅಥವಾ ಬ್ರ್ಯಾಕೆಟ್ಟನ್ನು ಹಳೆಯ ಮಾದರಿಯ ಅಳತೆಯಲ್ಲಿ ಮಾಡಿಸಲು ಇಂತಹ ಕೌಶಲ ನೆರವಾಗುತ್ತದೆ. ಆದರೆ ಸವೆದ ಭಾಗವನ್ನೇ ಮಾದರಿಯಾಗಿ ಕೊಟ್ಟರೆ ಸವೆತವೂ ಅಳತೆಯೊಳಗೆ ಸೇರಿಬಿಡುತ್ತದೆ. ಸ್ಟೀರಿಂಗ್ ಮತ್ತು ಬ್ರೇಕಿನ ಭಾಗಗಳಿಗೆ ಸರಿಯಾದ ದರ್ಜೆಯ ಉಕ್ಕನ್ನು ಬಳಸುವುದು ಜೀವರಕ್ಷಣೆಯ ಪ್ರಶ್ನೆ.

ಕಾನೂನು ಮತ್ತು ದಾಖಲೆಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ಬಳಿಕ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಇದಕ್ಕಾಗಿ ವಾಹನವು ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಕಾರುಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಹೆಚ್ಚಿಸಲಾಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಇದನ್ನು 10,000 ರೂಪಾಯಿ ಮಾಡಲಾಯಿತು.

ಬೆಳಗಾವಿಯು ಗೋವಾ ಮತ್ತು ಮಹಾರಾಷ್ಟ್ರಗಳ ಗಡಿಗೆ ಸಮೀಪವಿರುವುದರಿಂದ ಹೊರರಾಜ್ಯದ ಕಾರುಗಳನ್ನು ಕೊಳ್ಳುವ ಸಂದರ್ಭ ಒದಗಬಹುದು. ಆಗ ಮೂಲ ಸಾರಿಗೆ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕಾಗುತ್ತವೆ. ಕರ್ನಾಟಕದಲ್ಲಿ ಕಾರಿನ ವಯಸ್ಸಿಗೆ ಅನುಗುಣವಾದ ತೆರಿಗೆಯನ್ನೂ ಕಟ್ಟಬೇಕು. ನೋಂದಣಿ ಪುಸ್ತಕವಿಲ್ಲದ ಅಥವಾ ಅದರಲ್ಲಿರುವ ಚಾಸಿ ಸಂಖ್ಯೆಯು ಕಾರಿನ ಮೇಲಿನ ಸಂಖ್ಯೆಗೆ ಹೊಂದದ ಕಾರು ಎಷ್ಟೇ ಅಗ್ಗವಾಗಿದ್ದರೂ ರಸ್ತೆಗೆ ಮರಳುವುದು ಕಷ್ಟ. ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಚಾಸಿ, ಹೊರಕವಚ ಮತ್ತು ಎಂಜಿನ್ ಮೂಲ ರೂಪದಲ್ಲಿಯೇ ಇರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಇವು ಅನ್ವಯಿಸುತ್ತವೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ಬಳಿಕ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಇಂತಹ ವಾಹನಗಳನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಗಾಗಿ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಬಳಕೆಗೆ ಅವಕಾಶವಿಲ್ಲ. 1970ರಲ್ಲಿ ನೋಂದಣಿಯಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ವಯಸ್ಸನ್ನು ದಾಟಿದೆ. 2000ನೇ ವರ್ಷದಲ್ಲಿ ನೋಂದಣಿಯಾದ ಸ್ಯಾನ್ ಸ್ಟಾರ್ಮ್ 2050ರವರೆಗೆ ಕಾಯಬೇಕು. ಅಲ್ಲಿಯವರೆಗೆ ಅದು ಯಾವುದೇ ಸಾಧಾರಣ ಹಳೆಯ ಕಾರಿನಂತೆ ಪ್ರತಿ ತಪಾಸಣೆಯನ್ನೂ ದಾಟುತ್ತಿರಬೇಕು.

ಮೂಲ ರೂಪದ ಪ್ರಶ್ನೆ

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 1966ರಲ್ಲಿ ಸ್ಥಾಪನೆಯಾಯಿತು. ಇದು ಕನಿಷ್ಠ 30 ವರ್ಷ ಹಳೆಯದಾದ ಮತ್ತು ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿರುವ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ. ಈ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ವಾಹನದ ಮೂಲ ವಸ್ತು ಮತ್ತು ಬಳಕೆಯ ಗುರುತುಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದಕ್ಕೆ ಒತ್ತು ನೀಡುತ್ತದೆ. ಮಾಡಿದ ಬದಲಾವಣೆಗಳನ್ನು ದಾಖಲಿಸಬೇಕೆಂದೂ ಅದು ಹೇಳುತ್ತದೆ. ದೇವಾಲಯದ ಜೀರ್ಣೋದ್ಧಾರದಲ್ಲಿ ಹಳೆಯ ಶಿಲ್ಪವನ್ನು ಉಳಿಸಬೇಕೆ, ಹೊಸದನ್ನು ಇಡಬೇಕೆ ಎಂದು ಏಳುವ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ. ಬ್ರೇಕ್ ಸೀಲು, ಟೈರು, ಇಂಧನ ಕೊಳವೆಗಳಂತಹ ಸುರಕ್ಷತೆಯ ಭಾಗಗಳನ್ನು ಹೊಸದಾಗಿ ಹಾಕುವುದರಲ್ಲಿ ವಿವಾದವಿಲ್ಲ. ಬೇರೆ ಕಾರಿನ ಎಂಜಿನ್ ಅಥವಾ ಹೊಸ ವಿನ್ಯಾಸದ ಹೊರಮೈ ಅಳವಡಿಸಿದರೆ ಕಾರು ಓಡಬಹುದು, ಆದರೆ ಮುಂದೆ ವಿಂಟೇಜ್ ಮಾನ್ಯತೆಗೆ ಅಡ್ಡಿಯಾಗುತ್ತದೆ.

ಸಂರಕ್ಷಣೆ

ಕರ್ನಾಟಕದಲ್ಲಿ ಧರ್ಮಸ್ಥಳದ ಕಾರು ಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯಗಳು ಹಳೆಯ ಕಾರುಗಳನ್ನು ಸಾರ್ವಜನಿಕರ ವೀಕ್ಷಣೆಗೆ ಇರಿಸಿವೆ. ಇವೆರಡೂ ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆ ಅವರ ಸಂಗ್ರಹದಿಂದ ರೂಪುಗೊಂಡವು. ಸಂಗ್ರಹಾಲಯಗಳಿಗೆ ಸೇರುವುದು ಕೆಲವೇ ಕಾರುಗಳು. ಉಳಿದವು ಖಾಸಗಿ ಮಾಲೀಕರ ಕೈಯಲ್ಲಿಯೇ ಉಳಿಯಬೇಕು ಅಥವಾ ಗುಜರಿಗೆ ಹೋಗಬೇಕು.

ಕೆಲಸ ಮುಗಿದ ಕಾರಿನ ಮಾರಾಟ ಬೆಲೆಯು ಮಾಡಿದ ಖರ್ಚನ್ನು ಹಿಂದಿರುಗಿಸುವುದೆಂಬ ಖಾತರಿ ಇಲ್ಲ. ಪುನರುಜ್ಜೀವನಗೊಂಡ ಕಾರನ್ನು ಮತ್ತೆ ನಿಲ್ಲಿಸಿಬಿಟ್ಟರೆ ಬ್ರೇಕು, ಇಂಧನ ವ್ಯವಸ್ಥೆ ಮತ್ತು ಬ್ಯಾಟರಿಗಳು ಮೊದಲಿನಂತೆಯೇ ಕೆಡುತ್ತವೆ. ಆದ್ದರಿಂದ ನಿಯಮಿತವಾಗಿ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದು, ಎರಡು ವರ್ಷಗಳಿಗೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು, ಪ್ರತಿ ಮಳೆಗಾಲದ ನಂತರ ಚಾಸಿಯನ್ನು ತೊಳೆದು ಪರೀಕ್ಷಿಸುವುದು ಮತ್ತು ನೋಂದಣಿಯ ಅವಧಿ ತಪ್ಪದಂತೆ ನವೀಕರಿಸುವುದು ಪುನರುಜ್ಜೀವನದ ಮುಂದುವರಿದ ಭಾಗವೇ ಆಗಿದೆ.