ಮುಗಿಲಿನ ವಿಶೇಷಣಗಳು: ಕೆಲವು ವ್ಯುತ್ಪತ್ತಿ ವಿಚಾರಗಳು

ಅಮರಕೋಶದ ಪ್ರಥಮಕಾಂಡದ ದಿಗ್ವರ್ಗವು ಮೋಡಕ್ಕೆ 15 ಹೆಸರುಗಳನ್ನು ಕೊಡುತ್ತದೆ. ನಿಘಂಟುಗಳಲ್ಲಿ ಇವುಗಳೆದುರು ಸಾಮಾನ್ಯವಾಗಿ ಕಾಣುವುದು ‘ಮೋಡ’ ಎಂಬ ಒಂದೇ ಅರ್ಥ. ಪರ್ಯಾಯಪದಗಳೆಂಬ ಈ ಎಣಿಕೆಯಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಮೂಲತಃ ವಿಶೇಷಣಗಳು. ವಿಶೇಷ್ಯವನ್ನು ಬಿಟ್ಟುಕೊಟ್ಟು ತಾವೇ ನಾಮಪದಗಳಾಗಿ ನಿಂತಂಥವು.

‘ತಡಿತ್ವಾನ್’ ಎಂದರೆ ಮಿಂಚುಳ್ಳದ್ದು, ‘ಸ್ತನಯಿತ್ನು’ ಗುಡುಗುವಂಥದ್ದು. ‘ಅಂಬುಭೃತ್’ ನೀರನ್ನು ಹೊತ್ತದ್ದಾದರೆ ‘ಜಲಮುಚ್’ ನೀರನ್ನು ಬಿಡುವಂಥದ್ದು. ಕಡೆಯ ಎರಡು ಒಂದೇ ಮುಗಿಲಿನ ವಿರುದ್ಧ ಅವಸ್ಥೆಗಳನ್ನು ಹೇಳುತ್ತವೆ. ಅವನ್ನು ಸಮಾನಾರ್ಥಕಗಳೆನ್ನುವುದು ಛಂದಸ್ಸಿನ ಅನುಕೂಲಕ್ಕೆ ಸರಿಯಾದೀತು, ಅರ್ಥವಿಚಾರಕ್ಕೆ ಸಾಲದು. ‘ಮೇಘ’ವನ್ನು ಯಾಸ್ಕನು ನಿರುಕ್ತದಲ್ಲಿ ‘ಮಿಹ್’ (ಸುರಿಸು) ಧಾತುವಿನಿಂದ ಸಾಧಿಸುತ್ತಾನೆ. ‘ವಾರಿವಾಹಕ’ವೇ ‘ಬಲಾಹಕ’ವಾಯಿತೆಂದೂ, ‘ಜೀವನ’ವನ್ನು, ಅಂದರೆ ನೀರನ್ನು, ಕಟ್ಟಿಟ್ಟ ಗಂಟು ‘ಜೀಮೂತ’ವೆಂದೂ ಕಾಶಿಕಾವೃತ್ತಿ ಹೇಳುತ್ತದೆ. ವೈಯಾಕರಣರು ಇವೆರಡನ್ನೂ ಪೃಷೋದರಾದಿಗಣದಲ್ಲಿಟ್ಟಿದ್ದಾರೆ. ಎಂದರೆ ಇವು ಸಾಮಾನ್ಯ ನಿಯಮಗಳಿಗೆ ಒಳಪಡುವುದಿಲ್ಲವೆಂದು ಅವರೇ ಒಪ್ಪಿದಂತಾಯಿತು. ಇಂಥ ನಿರುಕ್ತಿಗಳನ್ನು ಭಾಷಾಚರಿತ್ರೆಯೆಂದು ಭಾವಿಸಬೇಕಾಗಿಲ್ಲ.

‘ಘನ’ ಶಬ್ದದ ಸ್ಥಿತಿ ಇವೆಲ್ಲಕ್ಕಿಂತ ಕುತೂಹಲಕರವಾದುದು. ಪಾಣಿನಿಯು ‘ಹನ್’ ಧಾತುವಿನಿಂದ ಈ ರೂಪವನ್ನು ‘ಮೂರ್ತಿ’ ಎಂಬ ಅರ್ಥದಲ್ಲಿ ಸಾಧಿಸುತ್ತಾನೆ (3.3.77). ಮೂರ್ತಿಯೆಂದರೆ ಇಲ್ಲಿ ಕಾಠಿನ್ಯ. ಕಾಶಿಕೆಯ ಉದಾಹರಣೆಗಳಲ್ಲಿ ‘ಅಭ್ರಘನ’ವೂ ‘ದಧಿಘನ’ವೂ ಜೊತೆಯಲ್ಲಿವೆ, ಮೋಡದ ದಟ್ಟತೆ, ಮೊಸರಿನ ಗಟ್ಟಿತನ. ಹಾಗಾದರೆ ಮೊಸರನ್ನೇ ‘ಘನ’ವೆನ್ನುವುದು ಹೇಗೆ? ಗುಣವಾಚಕವು ಗುಣಿಯನ್ನೂ ಹೇಳಬಲ್ಲದೆಂಬುದು ವೃತ್ತಿಕಾರರ ಸಮಾಧಾನ. ಮೊಸರಿನಲ್ಲಿ ವಿಶೇಷಣವಾಗಿಯೇ ಉಳಿದ ಪದ ಮುಗಿಲಿನಲ್ಲಿ ಹೆಸರೇ ಆಗಿಬಿಟ್ಟಿತು. ಕನ್ನಡದಲ್ಲಿ ಈ ನಡೆ ಮತ್ತೆ ಹಿಂದಕ್ಕೆ ಹೊರಳಿದೆ. ಘನವಸ್ತು, ಘನವಿದ್ವಾಂಸ ಮೊದಲಾದೆಡೆ ಗುಣವೇ ಪ್ರಧಾನ; ಮೋಡದ ಅರ್ಥ ಹಳೆಯ ಕಾವ್ಯಗಳಿಗೆ ಸರಿದಿದೆ. ಆದುದರಿಂದಲೇ ‘ಘನಶ್ಯಾಮ’ವನ್ನು ‘ದಟ್ಟ ಕಪ್ಪು’ ಎಂದು ಬಿಡಿಸುವವರುಂಟು. ಅದು ‘ಮುಗಿಲಿನಂತೆ ಕಪ್ಪಾದ’ ಎಂಬ ಉಪಮಾನಸಮಾಸ.

ದ್ರಾವಿಡಮೂಲದ ‘ಕಾರ್’ ಇದೇ ದಾರಿಯಲ್ಲಿ ಬೇರೆ ಬೇರೆ ದೂರ ನಡೆದಿದೆ. ತಮಿಳಿನಲ್ಲಿ ಅದಕ್ಕೆ ಕಪ್ಪು, ಮಳೆಗಾಲ ಎಂಬ ಅರ್ಥಗಳೊಡನೆ ಮುಗಿಲೆಂಬ ಅರ್ಥವೂ ಇದೆ. ಕನ್ನಡದಲ್ಲಿ ಅದು ಬಹುಮಟ್ಟಿಗೆ ಸಮಾಸದ ಪೂರ್ವಪದವಾಗಿ ನಿಂತಿತು: ಕಾರ್ಮುಗಿಲು, ಕಾರ್ಗತ್ತಲೆ, ಕಾರ್ಗಾಲ. ಕಾರ್ಮುಗಿಲಿನಲ್ಲಿ ಬಣ್ಣ, ಕಾರ್ಗಾಲದಲ್ಲಿ ಮಳೆ.

ಲೂಕ್ ಹೋವರ್ಡ್ 1803ರಲ್ಲಿ ಪ್ರಕಟಿಸಿದ ಲ್ಯಾಟಿನ್ ವರ್ಗೀಕರಣ ಮುಖ್ಯವಾಗಿ ಆಕಾರವನ್ನು ಆಧರಿಸಿದುದು. ‘ಕ್ಯುಮುಲಸ್’ ಎಂದರೆ ರಾಶಿ, ‘ಸಿರಸ್’ ಎಂದರೆ ಕೂದಲಿನ ಸುರುಳಿ. ಕನ್ನಡದ ಭೂಗೋಳ ಪಠ್ಯಗಳ ‘ರಾಶಿಮೋಡ’ ಮೊದಲನೆಯದಕ್ಕೆ ಸರಿಹೊಂದುತ್ತದೆ. ‘ಸಿರಸ್’ಗೆ ಬಳಕೆಯಾದ ‘ಹಿಮಕಣ ಮೋಡ’ ಮಾತ್ರ ಆಕಾರವನ್ನು ಬಿಟ್ಟು ದ್ರವ್ಯವನ್ನು ಹೇಳುತ್ತದೆ. ವಿಜ್ಞಾನದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ. ಆದರೆ ಗುಂಗುರುಗೂದಲಿಗೆ ‘ಅಲಕ’ವೆಂಬ ಪದ ಕನ್ನಡ ಕಾವ್ಯಗಳಲ್ಲಿ ಸಿದ್ಧವಾಗಿಯೇ ಇತ್ತು.