ಚಕ್ರದ ಮೇಲಿನ ಮನೆಯೂ ಘಟ್ಟದ ಇಳಿಜಾರೂ

ಮಲಗಲು ಹಾಸಿಗೆ, ಅಡಿಗೆಗೆ ಒಲೆ, ಕುಡಿಯಲು ನೀರಿನ ತೊಟ್ಟಿ ಇವೆಲ್ಲವನ್ನೂ ಹೊತ್ತು ಸಾಗುವ ವಾಹನಕ್ಕೆ ಕ್ಯಾರವಾನ್ ಎಂದು ಹೆಸರು. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಚಕ್ರದ ಮೇಲಿನ ಮನೆ ಈಗ ನಮ್ಮ ನಾಡಿನಲ್ಲಿಯೂ ಬಾಡಿಗೆಗೆ ದೊರೆಯುತ್ತದೆ. ನಾಲ್ವರು ಗೆಳೆಯರು ಕೂಡಿ ಇಂಥ ವಾಹನದಲ್ಲಿ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳನ್ನು ಮೂರು ದಿನಗಳಲ್ಲಿ ಸುತ್ತಿ ಬರಲು ಎಣಿಸಿದರೆನ್ನೋಣ. ಮೊದಲು ಅವರು ನಕ್ಷೆಯನ್ನು ಬಿಡಿಸಿ ದೂರವನ್ನು ಕೂಡುತ್ತಾರೆ. ಆದರೆ ಪಶ್ಚಿಮ ಘಟ್ಟದ ಮಗ್ಗುಲಲ್ಲಿ ದೂರಕ್ಕಿಂತ ಮುಖ್ಯವಾದ ಅಳತೆ ಇನ್ನೊಂದುಂಟು, ಅದು ಎತ್ತರ.

ಅವರ ಹಾದಿ ಹೀಗಿರಲಿ. ಮೊದಲ ದಿನ ಪುತ್ತೂರಿನಿಂದ ಅಡಕೆ ಮತ್ತು ರಬ್ಬರು ತೋಟಗಳ ನಡುವೆ ಸಾಗಿ ಪಯಸ್ವಿನಿಯ ದಂಡೆಯ ಸುಳ್ಯ. ಅಲ್ಲಿಂದ ಸಂಪಾಜೆಯ ಘಟ್ಟವನ್ನು ಹತ್ತಿ ಮಡಿಕೇರಿಯಲ್ಲಿ ತಂಗುವುದು. ಎರಡನೆಯ ದಿನ ಅದೇ ದಾರಿಯಲ್ಲಿ ಸುಳ್ಯಕ್ಕಿಳಿದು, ಗುತ್ತಿಗಾರಿನ ಮೇಲೆ, ಈಗ ಕಡಬ ತಾಲ್ಲೂಕಿಗೆ ಸೇರಿರುವ ಸುಬ್ರಹ್ಮಣ್ಯ. ಮೂರನೆಯ ದಿನ ಕಡಬವನ್ನು ಹಾದು, ಕುಮಾರಧಾರೆಯು ನೇತ್ರಾವತಿಯನ್ನು ಕೂಡುವ ಉಪ್ಪಿನಂಗಡಿಯನ್ನು ನೋಡಿ ಪುತ್ತೂರಿಗೆ ಮರಳುವುದು. ಒಟ್ಟು ಸುಮಾರು ಇನ್ನೂರೈವತ್ತು ಕಿಲೋಮೀಟರ್. ಬಯಲುಸೀಮೆಯಲ್ಲಾದರೆ ಇದು ಒಂದೇ ದಿನದ ಪ್ರಯಾಣ.

ಸುಳ್ಯವು ಸಮುದ್ರಮಟ್ಟದಿಂದ ಸುಮಾರು ೧೦೦ ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಸುಮಾರು ೧,೧೫೦ ಮೀಟರ್. ವ್ಯತ್ಯಾಸವನ್ನು ೧,೦೦೦ ಮೀಟರ್ ಎಂದೇ ಹಿಡಿಯೋಣ. ತುಂಬಿದ ಕ್ಯಾರವಾನಿನ ರಾಶಿ ೩,೫೦೦ ಕಿಲೋಗ್ರಾಂ ಆಗಿದ್ದರೆ, ಬೆಟ್ಟದ ಮೇಲೆ ಅದರಲ್ಲಿ ಹೆಚ್ಚುವರಿಯಾಗಿ ಸಂಗ್ರಹವಾಗುವ ಪ್ರಚ್ಛನ್ನಶಕ್ತಿ ಎಷ್ಟು? ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ ೩ ಕೋಟಿ ೪೩ ಲಕ್ಷ ಜೂಲ್ ಎಂದು ತಿಳಿಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯೂ ಹೆಚ್ಚುಕಡಮೆ ಇಷ್ಟೇ.

ಹತ್ತುವಾಗ ಎಂಜಿನು ಕೊಟ್ಟ ಈ ಶಕ್ತಿ ಇಳಿಯುವಾಗ ಎಲ್ಲಿಗೆ ಹೋಗಬೇಕು? ವಿದ್ಯುತ್ ವಾಹನವಾದರೆ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸಬಲ್ಲದು. ಪೆಟ್ರೋಲು, ಡೀಸೆಲ್ ವಾಹನಗಳಿಗೆ ಆ ಸೌಕರ್ಯವಿಲ್ಲ. ಎಲ್ಲವೂ ಶಾಖವಾಗಿಯೇ ತೀರಬೇಕು. ಆ ಶಾಖವು ೩೦ ಡಿಗ್ರಿಯಲ್ಲಿರುವ ನೂರು ಲೀಟರಿಗೂ ಮಿಕ್ಕಿದ ನೀರನ್ನು ಕುದಿಬಿಂದುವಿಗೆ ಏರಿಸಬಲ್ಲದು. ಇಳಿಯಲು ಒಂದು ಗಂಟೆ ಹಿಡಿದರೆ, ಸಾವಿರ ವಾಟಿನ ಒಂಬತ್ತು ವಿದ್ಯುತ್ ಒಲೆಗಳು ಆ ಗಂಟೆಯುದ್ದಕ್ಕೂ ಉರಿದಂತೆ. ಇದರಲ್ಲಿ ಒಂದು ಭಾಗವನ್ನು ಗಾಳಿಯ ತಡೆಯೂ ಚಕ್ರಗಳ ಉರುಳುಘರ್ಷಣೆಯೂ ನುಂಗುತ್ತವೆ. ಉಳಿದುದನ್ನು ಬ್ರೇಕುಗಳೋ ಎಂಜಿನೋ ಹೊರಬೇಕು.

ಬ್ರೇಕಿನ ಮೇಲೆಯೇ ಭಾರವನ್ನೆಲ್ಲ ಹಾಕಿದರೆ ಎರಡು ಅಪಾಯಗಳುಂಟು. ಮೊದಲನೆಯದಾಗಿ, ಅತಿಯಾಗಿ ಕಾದ ಬ್ರೇಕ್ ಪಟ್ಟಿಗಳ ಘರ್ಷಣೆ ಕುಗ್ಗುತ್ತದೆ. ಎರಡನೆಯದು ಇನ್ನೂ ಗಂಭೀರ. ನಮ್ಮ ಪಾದದ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ದ್ರವವು ಸಾಮಾನ್ಯವಾಗಿ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹೊಸತಿದ್ದಾಗ ೨೦೦ ಡಿಗ್ರಿಗೂ ಮೇಲೆ ಕುದಿಯುವ ಈ ದ್ರವ, ತೇವ ಹೀರಿದ ಮೇಲೆ ೧೪೦ರಿಂದ ೧೫೫ ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಕರಾವಳಿಯ ತೇವದ ಹವೆಯಲ್ಲಿ ಇದನ್ನು ಮರೆಯಲಾಗದು. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಿ ಕುಗ್ಗಿಸುವುದು ಅಸಾಧ್ಯಪ್ರಾಯ. ಆವಿಯಾದರೋ ಸುಲಭವಾಗಿ ಕುಗ್ಗುತ್ತದೆ. ಆಗ ಪೆಡಲು ನೆಲಕ್ಕೆ ತಾಗಿದರೂ ಚಕ್ರ ನಿಲ್ಲದು.

ಆದಕಾರಣ, ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದನ್ನೇ ಬಳಸಬೇಕೆಂಬುದು ಅನುಭವಸ್ಥ ಚಾಲಕರ ಪದ್ಧತಿ. ಕೆಳಗಿನ ಗೇರಿನಲ್ಲಿ ಚಕ್ರದ ಪ್ರತಿಯೊಂದು ಸುತ್ತಿಗೂ ಎಂಜಿನು ಹೆಚ್ಚು ಬಾರಿ ತಿರುಗಬೇಕಾಗುತ್ತದೆ. ಗಾಳಿಯನ್ನು ಎಳೆದು, ಅದುಮಿ, ಹೊರದೂಡುವ ಕೆಲಸಕ್ಕೂ ಒಳಗಿನ ಘರ್ಷಣೆಗೂ ಇಳಿಜಾರಿನ ಶಕ್ತಿ ವ್ಯಯವಾಗುತ್ತದೆ. ಶಾಖವನ್ನು ರೇಡಿಯೇಟರು ಹೊರಹಾಕುತ್ತದೆ. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡೇ ಇರದೆ, ಬೇಕಾದಾಗ ದೃಢವಾಗಿ ಒತ್ತಿ ವೇಗವನ್ನಿಳಿಸಿ ಬಿಡಬೇಕು. ನಡುವಣ ಅವಧಿಯಲ್ಲಿ ಅದು ತಣಿಯುತ್ತದೆ. ಸುಟ್ಟ ವಾಸನೆ ಬಂದರೆ ಸಮನೆಲದಲ್ಲಿ ನಿಲ್ಲಿಸಿ ಕಾಯುವುದೇ ವಿವೇಕ.

ಸಾಮಾನನ್ನು ಇಡುವುದರಲ್ಲಿಯೂ ವಿಜ್ಞಾನವುಂಟು. ಭಾರವಾದ ವಸ್ತುಗಳನ್ನು ಮಾಡಿನ ಮೇಲೆ ಕಟ್ಟಿದರೆ ಗುರುತ್ವಕೇಂದ್ರ ಮೇಲೇರಿ, ತಿರುವುಗಳಲ್ಲಿ ವಾಹನ ಮಗುಚುವ ಸಂಭವ ಹೆಚ್ಚುತ್ತದೆ, ಅವು ನೆಲಮಟ್ಟದಲ್ಲಿರಬೇಕು. ಅರ್ಧ ತುಂಬಿದ ನೀರಿನ ತೊಟ್ಟಿಯೂ ಒಳ್ಳೆಯದಲ್ಲ. ತಿರುವಿನಲ್ಲಿ ನೀರು ಹೊರಮಗ್ಗುಲಿಗೆ ನುಗ್ಗಿ ಭಾರವನ್ನು ಅತ್ತ ಸರಿಸುತ್ತದೆ. ಘಟ್ಟವನ್ನು ಇಳಿಯುವ ಮುನ್ನ ತೊಟ್ಟಿಯನ್ನು ಬರಿದು ಮಾಡಿದರೆ ಹೊಯ್ದಾಟವೂ ತಪ್ಪುತ್ತದೆ, ಪ್ರತಿ ನೂರು ಲೀಟರಿಗೆ ನೂರು ಕಿಲೋಗ್ರಾಂ ಹೊರೆಯೂ ಇಳಿಯುತ್ತದೆ.

ಇನ್ನು ಕಾಲದ ವಿಚಾರ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲವು ಈ ಪ್ರವಾಸಕ್ಕೆ ತಕ್ಕುದಲ್ಲ. ಒದ್ದೆ ರಸ್ತೆಯಲ್ಲಿ ಘರ್ಷಣೆ ಕಡಮೆಯಾಗಿ, ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಿಡಿದು ೯ ಮೀಟರಿನೊಳಗೆ ನಿಲ್ಲುವ ವಾಹನ ೧೬ ಮೀಟರ್‌ವರೆಗೂ ಸಾಗಬಹುದು. ನೀರು ಕುಡಿದ ಮಣ್ಣಿನ ಪದರಗಳ ನಡುವೆಯೂ ಹಿಡಿತ ಹೀಗೆಯೇ ಸಡಿಲುತ್ತದೆ. ೨೦೧೮ರ ಆಗಸ್ಟಿನಲ್ಲಿ ಇದೇ ಹೆದ್ದಾರಿಯ ಜೋಡುಪಾಲದ ಬಳಿ ಗುಡ್ಡ ಕುಸಿದು ಜೀವಹಾನಿಯಾಯಿತು, ಸಂಚಾರವೂ ಕಡಿದುಹೋಯಿತು. ಮಳೆಯ ದಿನಗಳಲ್ಲಿ ಕುಮಾರಧಾರೆಯ ದಂಡೆಯ ತಗ್ಗಿನಲ್ಲಿ ರಾತ್ರಿ ತಂಗುವುದೂ ಸಲ್ಲದು. ನಾವಿದ್ದಲ್ಲಿ ಆಕಾಶ ತಿಳಿಯಾಗಿದ್ದರೂ, ಪುಷ್ಪಗಿರಿಯ ಕಡೆ ಸುರಿದ ಮಳೆಯಿಂದ ಹೊಳೆ ಏಕಾಏಕಿ ಏರಬಲ್ಲದು. ಮಳೆ ಹಿಂದೆಗೆದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ.

ಹೊರಡುವ ಮುನ್ನ ಕಾಗದವೊಂದರ ಮೇಲೆ ದಾರಿಯ ಊರುಗಳನ್ನು ಸಾಲಾಗಿ ಬರೆದು, ಪ್ರತಿ ಹೆಸರಿನ ಮುಂದೆ ದೂರವನ್ನೂ ಎತ್ತರವನ್ನೂ ಗುರುತಿಸಿರಿ. ಎತ್ತರ ಇಳಿಯುವ ಕಡೆಗಳಲ್ಲಿ ಒಂದು ಗೆರೆ ಎಳೆದು, ಆ ಭಾಗವನ್ನು ಹಗಲಿನಲ್ಲಿ, ದಣಿಯದ ಚಾಲಕನಿಂದ, ಸಾಕಷ್ಟು ಬಿಡುವಿನಲ್ಲಿ ದಾಟುವಂತೆ ಉಳಿದ ಕಾರ್ಯಕ್ರಮವನ್ನು ಹೊಂದಿಸಿಕೊಳ್ಳಿರಿ. ಬ್ರೇಕ್ ದ್ರವವನ್ನು ಕಡೆಯ ಬಾರಿ ಯಾವಾಗ ಬದಲಿಸಲಾಯಿತೆಂದು ವಾಹನದ ಒಡೆಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.